ಕೊಟ್ರೇಶ ತಂದ ರೇಡ್ ಕಾರ್ಡು

ಹರಿಹರದಲ್ಲಿ ಸರ್ವಮಂಗಳಮ್ಮ ಅಂತ ಒಬ್ಬ ಫೋಟೋ ಸ್ಟುಡಿಯೋದಾಕೆ. ಅವಳಿಗೆ ಕೊಟ್ರೇಶ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವ್ವ ಹೇಳಿದ ಮಾತು ಮೀರುವವನಲ್ಲ, ಅದೇ ಅವಳ ಕರ್ಮ.

ಊರಿನ ಮದುವೆ ಫೋಟೋಗಳೆಲ್ಲ ಸ್ಟುಡಿಯೋದ ಸರ್ವರಿನಲ್ಲಿದ್ದವು. ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದ ಯಂತ್ರ ಅದು. ಒಳಗೆ ಫೋಟೋಗಳಿಗೆಂದೇ ಎರಡು ಡಿಸ್ಕು. ಒಂದೇ ಫೋಟೋವನ್ನು ಎರಡಕ್ಕೂ ಬರೆಯುವುದು ರೇಡ್ ಕಾರ್ಡಿನ ಕೆಲಸ. ಕಾರ್ಡು ಅಗ್ಗದ್ದು, ಒಂದು ದಿನ ಸುಟ್ಟು ಕೂತಿತು. ಪುಣ್ಯಕ್ಕೆ ಡಿಸ್ಕುಗಳು ಉಳಿದವು. ಅವೂ ಹೋಗಿದ್ದರೆ ಸ್ಟುಡಿಯೋಗೆ ಬೀಗ ಹಾಕುವುದೇ ಗತಿ. ಮದುವೆ ಸೀಜನ್ನು, ಸರ್ವಮಂಗಳಮ್ಮನಿಗೆ ಕ್ಯಾಮೆರಾ ಕೆಳಗಿಡಲು ಪುರುಸೊತ್ತಿಲ್ಲ. ವಿಧಿಯಿಲ್ಲದೆ ಮಗನನ್ನೇ ಕರೆದಳು.

"ದಾವಣಗೆರೆಗೆ ಹೋಗಿ ಒಂದು ನಂಬಿಕಸ್ಥ ಕಾರ್ಡು ತಗೊಂಬಾರಪ್ಪ. ಕಂಪ್ಯೂಟರ್ ಮೇಲೆ ಭಾರ ಹಾಕೋದು ಬ್ಯಾಡ. ತನ್ನ ಕೆಲಸ ತಾನೇ ಮಾಡೋದನ್ನ ನೋಡಿ ತಗೋ."

"ಆತವ್ವ," ಅಂದ ಕೊಟ್ರೇಶ.

ಹೋದ. ಪರಮೇಶಿಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಕಾರ್ಡನ್ನು ಮೇಜಿನ ಮೇಲೆ ಇಡಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಕಾರ್ಡು ಅಲ್ಲಾಡಲಿಲ್ಲ. ಮಧ್ಯಾಹ್ನವಾಯಿತು, ಕಾರ್ಡು ಅಲ್ಲಾಡಲಿಲ್ಲ. ಅಂಗಡಿ ಮುಚ್ಚುವ ಹೊತ್ತಾಯಿತು, ಆಗಲೂ ಅಲ್ಲಾಡಲಿಲ್ಲ. ಇಂಥ ಸೋಮಾರಿ ಕಾರ್ಡು ನಮಗೆ ಬೇಡ ಅಂತ ಬರಿಗೈಯಲ್ಲಿ ವಾಪಸ್ ಬಂದ.

ಸರ್ವಮಂಗಳಮ್ಮ ಹಣೆ ಚಚ್ಚಿಕೊಂಡಳು. ಹಾಗೆ ಪಿಳಿಪಿಳಿ ನೋಡುತ್ತ ಕೂರುವುದಲ್ಲ, ನಮ್ಮ ಲಿನಕ್ಸ್ ಗುರುತು ಹಿಡಿಯುತ್ತದಾ ಅಂತ ಮೊದಲು ಕೇಳಬೇಕು, ಗುರುತು ಸಿಗದ ಕಡೆ ದುಡ್ಡು ಬಿಚ್ಚಬಾರದು ಅಂತ ಬೈದು ಹೇಳಿದಳು.

"ಆತವ್ವ," ಅಂದ ಕೊಟ್ರೇಶ.

ಮಾರನೇ ದಿನ ಬಸ್ಸು ಹತ್ತಿದ. ಕಂಡಕ್ಟರ್ ಟಿಕೆಟ್ ಅಂದ. ನನ್ನ ಗುರುತು ಸಿಕ್ತಾ ಅಂತ ಕೊಟ್ರೇಶ ಕೇಳಿದ. ನೀನ್ಯಾವ ಸೀಮೆ ದೊಣ್ಣೆನಾಯಕ ಅಂದ ಕಂಡಕ್ಟರ್. ಗುರುತು ಸಿಗಲಿಲ್ಲ ತಾನೆ, ಹಾಗಾದರೆ ದುಡ್ಡೂ ಇಲ್ಲ ಅಂದ ಕೊಟ್ರೇಶ. ನಡುದಾರಿಯಲ್ಲಿ ಇಳಿಸಿದರು. ಬಿಸಿಲಲ್ಲಿ ನಡೆದು ಮನೆಗೆ ಬಂದ.

ಅದು ಕಾರ್ಡಿಗೆ ಹೇಳಿದ ಮಾತು, ಬಸ್ಸಿಗಲ್ಲ ಅಂತ ತಾಯಿ ಮತ್ತೆ ಬೈದಳು. ಬೈದವಳು ಸುಮ್ಮನಿರಬಾರದೇ, ಇನ್ನೊಂದು ಬುದ್ಧಿ ಹೇಳಿದಳು.

"ಬ್ಯಾಟರಿ ಇರೋ ಕಾರ್ಡು ನೋಡು. ಕರೆಂಟ್ ಹೋದ್ರೆ ಕೈಯಾಗಿದ್ದದ್ದನ್ನ ಬಿಡಬಾರದು. ಕರೆಂಟ್ ಬರೋ ತನಕ ಗಟ್ಟಿಯಾಗಿ ಹಿಡಕೊಂಡಿರಬೇಕು. ನಂಬಿಕಸ್ಥ ಅಂದ್ರೆ ಅದು."

ಈ ಸಲ ಪರಮೇಶಿಗೇ ಕನಿಕರವಾಯಿತು. ಲಿನಕ್ಸಿಗೆ ಗುರುತಿರುವ, ಬ್ಯಾಟರಿಯೂ ಇರುವ ಒಳ್ಳೇ ಕಾರ್ಡನ್ನು ತಾನೇ ಆರಿಸಿ ಕೊಟ್ಟು, ಅವ್ವನಿಗೆ ಕೇಳಿದೆ ಅಂತ ಹೇಳು ಅಂತ ಕೈ ಕುಲುಕಿದ. ಆಗಲೇ ಕರೆಂಟ್ ಹೋಯಿತು. ಕೊಟ್ರೇಶ ಕೈ ಬಿಡಲಿಲ್ಲ. ಪರಮೇಶಿ ನಕ್ಕ, ಬೇಡಿಕೊಂಡ, ಜಗ್ಗಿದ, ಬೊಬ್ಬೆ ಹೊಡೆದ. ಸಂಜೆ ಕರೆಂಟ್ ಬಂದ ಮೇಲೆಯೇ ಅವನಿಗೆ ಅವನ ಕೈ ವಾಪಸ್ ಸಿಕ್ಕಿದ್ದು.

ಪರಮೇಶಿ ಫೋನ್ ಮಾಡಿ ಗೋಳಾಡಿದ. ಸರ್ವಮಂಗಳಮ್ಮ ಮಗನಿಗೆ ಛೀಮಾರಿ ಹಾಕಿ, ಇನ್ನು ಮೇಲೆ ಕೈಯಲ್ಲಿ ಏನೇ ಇರಲಿ, ಎದುರಿನವರು ಕೈ ಮುಂದೆ ಮಾಡಿದ ಕೂಡಲೇ ಬಿಟ್ಟುಬಿಡಬೇಕು ಅಂದಳು.

"ಆತವ್ವ," ಅಂದ ಕೊಟ್ರೇಶ.

ಏನೇ ಆಗಲಿ, ಕಾರ್ಡು ಬಂದಿತ್ತು. ಸರ್ವರಿಗೆ ಹಾಕಿ ಸ್ವಿಚ್ ಒತ್ತಿದಳು. ಲಿನಕ್ಸ್ ತಕ್ಷಣ ಗುರುತು ಹಿಡಿಯಿತು. ಅವಳಿಗೆ ಸಂತೋಷಕ್ಕೆ ಕಣ್ಣು ತುಂಬಿತು. ಇನ್ನು ಡಿಸ್ಕು ಸಿಕ್ಕಿಸಿದರೆ ಮುಗಿಯಿತು. ಬಿಚ್ಚಿ ತೆಗೆದಿದ್ದ ಎರಡೂ ಕೊಟ್ರೇಶನ ಕೈಯಲ್ಲಿದ್ದವು. ಒಂದು ಕೊಡು ಅಂತ ಮೇಜಿನ ಆಚೆಯಿಂದ ಕೈ ಚಾಚಿದಳು. ಕೈ ಕಂಡ ಕೂಡಲೇ ಅವನು ಬಿಟ್ಟ. ಡಿಸ್ಕು ನೆಲಕ್ಕೆ ಬಿದ್ದು ಪುಡಿಯಾಯಿತು.

ಸರ್ವಮಂಗಳಮ್ಮ ಚೂರುಗಳತ್ತ ಬಗ್ಗಿದಳು. ಮಗನ ಸಪ್ಪೆ ಮುಖ ನೋಡಿ ಅಪರೂಪಕ್ಕೆ ಬೈಯಲಿಲ್ಲ.

"ಹೋಗ್ಲಿ ಬಿಡಪ್ಪ. ಅದಕ್ಕೇ ಎರಡು ಇರೋದು. ಅದರಾಗಿದ್ದದ್ದೆಲ್ಲ ಇದರಾಗೂ ಐತೆ. ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸ ಇರಬಾರದು, ತಿಳೀತಾ?"

"ತಿಳೀತವ್ವ."

ಕೊಟ್ರೇಶ ನೆಲದ ಮೇಲಿನ ಡಿಸ್ಕು ನೋಡಿದ. ಕೈಯಲ್ಲಿದ್ದ ಡಿಸ್ಕು ನೋಡಿದ. ವ್ಯತ್ಯಾಸ ಇತ್ತು. ಕೈಯಲ್ಲಿದ್ದದ್ದನ್ನೂ ಅಷ್ಟೇ ಎತ್ತರದಿಂದ, ಅದೇ ಜಾಗಕ್ಕೆ ಬಿಟ್ಟ.

ಸರ್ವಮಂಗಳಮ್ಮ ಕುಸಿದು ಕೂತಳು. ಊರಿನ ಮದುವೆಗಳೆಲ್ಲ ಅವಳ ಕಾಲ ಬುಡದಲ್ಲಿ ಚೂರಾಗಿದ್ದವು. ಅಷ್ಟರಲ್ಲಿ, ಒಂದು ಡಿಸ್ಕೂ ಸಿಗದೆ ಸರ್ವರಿನೊಳಗಿನ ಹೊಸ ಕಾರ್ಡು ಕೀ ಕೀ ಅಂತ ಕೂಗತೊಡಗಿತು. ಕೊಟ್ರೇಶನ ಮುಖ ಅರಳಿತು.

"ಅವ್ವಾ, ಇದು ನಂಬಿಕಸ್ಥ ಕಾರ್ಡು. ತನ್ನ ಕೆಲಸ ತಾನೇ ಮಾಡ್ತಾ ಐತೆ ನೋಡು."