ಸಾಕಕ್ಕನ ಮರಿಮನೆ

ಮಕ್ಕಳೇ, ಕಾಡು ಮುಗಿದು ಊರಿನ ಹೊಲಗಳು ಶುರುವಾಗುವ ಕಡೆ ಜೊಂಡುಕೆರೆ ಅಂತ ಒಂದು ಕೆರೆ. ಅದರ ದಂಡೆಯ ಮೇಲೆ ಒಂದು ಮುದಿ ಬಸರಿ ಮರ. ಆ ಮರದ ಬುಡದ ಪೊಟರೆಯಲ್ಲಿ ಸಾಕವ್ವ ಎಂಬ ಮೇಕೆ ತನ್ನ ಒಂದೇ ಒಂದು ಮರಿ ತುಂಗಿಯ ಜೊತೆ ಇದ್ದಳು. ಕಾಡಿನವರೆಲ್ಲ ಅವಳನ್ನು ಸಾಕಕ್ಕ ಎಂದು ಕರೆಯುತ್ತಿದ್ದರು.

ಆ ಊರಿನವರ ಬುದ್ಧಿಗೆ ಏನು ಹೇಳೋಣ. ಇಲಿ ಹಿಡಿಯಲು ಅವರಿಗೆ ಬೆಕ್ಕು ಬೇಕು, ಬೆಕ್ಕು ಮರಿ ಹಾಕಿದರೆ ಮಾತ್ರ ಬೇಡ. ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ತಂದು, ಕೆರೆದಂಡೆಯಲ್ಲಿ ಇಳಿಸಿ, ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದರು. ಮೊದಲ ಚೀಲ ಕಂಡ ದಿನ ಸಾಕವ್ವ ಅದನ್ನು ಕೊಂಬಿನಿಂದ ಹರಿದು, ಒಳಗಿದ್ದ ಐದು ಮರಿಗಳಿಗೆ ತನ್ನ ಹಾಲು ಕುಡಿಸಿದಳು. ವಾರ ಕಳೆಯುವುದರೊಳಗೆ ಎರಡನೆಯ ಚೀಲ ಬಂತು, ಆಮೇಲೆ ಮೂರನೆಯದು. ಹೀಗೆ ಆ ಪೊಟರೆ ಮರಿಮನೆಯಾಯಿತು.

ಮರಿಮನೆ ನಡೆಸುವುದೆಂದರೆ ಹುಡುಗಾಟವೇ? ಹದಿನೇಳು ಮರಿಗಳು. ಹಾಸಿದ ತರಗೆಲೆಯನ್ನು ದಿನಕ್ಕೆ ಮೂರು ಸಲ ಬದಲಿಸಬೇಕು. ಬದಲಿಸಿದ ಮರುಗಳಿಗೆಯೇ ಯಾವುದೋ ಒಂದು ಅದರ ಮೇಲೆ ಹೇತಿರುತ್ತದೆ. ಒಂದಕ್ಕೆ ಕಣ್ಣು ಅಂಟಿಕೊಂಡಿದೆ, ಒಂದಕ್ಕೆ ಹೊಟ್ಟೆಹುಳ. ಇನ್ನೊಂದು ಮರದ ತುದಿಗೆ ಹತ್ತಿ, ಇಳಿಯಲು ಬಾರದೆ ಬೊಬ್ಬೆ ಹಾಕುತ್ತದೆ. ಜಿಂಕೆಗಳು ಬಂದು ಎಂಥ ಪುಣ್ಯದ ಕೆಲಸ ಎಂದು ಹೊಗಳಿ, ಪೊಟರೆಯ ಮುಂದಿನ ಹುಲ್ಲನ್ನೆಲ್ಲ ಮೇಯ್ದು ಹೋಗುತ್ತಿದ್ದವು. ಒಂದು ಹಿಡಿ ತರಗೆಲೆ ತಂದುಕೊಟ್ಟವರಿಲ್ಲ.

ಸಹಾಯಕ್ಕೆ ಬರುತ್ತಿದ್ದವನು ಕರಿಮೂತಿಯ ಮುಸುವ ಕರಿಯಣ್ಣ ಒಬ್ಬನೇ. ಮರ ಹತ್ತಿದ ಮರಿಗಳನ್ನು ಇಳಿಸಿಕೊಡುತ್ತಿದ್ದ. ಸಾಕವ್ವ ಹೇಳಿದ್ದೆಲ್ಲ ಅವನಿಗೆ ವೇದವಾಕ್ಯ.

ಅಷ್ಟು ಚೀಲಗಳನ್ನು ಹರಿದು ಹರಿದು ಸಾಕವ್ವನ ತಲೆ ಕೆಟ್ಟುಹೋಗಿತ್ತು. ಒಂಟಿ ಮರಿ ಕಂಡರೆ ಸಾಕು, ಯಾರೋ ಬಿಟ್ಟು ಹೋದದ್ದೇ ಎಂದು ಅವಳ ತೀರ್ಮಾನ. "ಕೇಳ್ತಾ ಕೂರಬೇಡ ಕರಿಯಣ್ಣ, ಎತ್ಕೊಂಡು ಬಂದುಬಿಡು. ಆಮೇಲೆ ತಾಯಿ ಅಂತ ಅಳ್ತಾ ಬರೋರನ್ನ ನಂಬಲೂ ಬೇಡ," ಎಂದು ಅವನಿಗೂ ಕಲಿಸಿದ್ದಳು.

ಒಂದು ಬೆಳಗ್ಗೆ ಲಂಟಾನ ಪೊದೆಯ ಕೆಳಗೆ, ಕಣ್ಣು ಬಿಟ್ಟು ಎರಡು ದಿನವೂ ಆಗಿರದ ಕೆಂಪು ಮರಿಯೊಂದು ಅವಳಿಗೆ ಸಿಕ್ಕಿತು. ಊರಿನವರನ್ನು ಬಾಯಿಗೆ ಬಂದಂತೆ ಬೈಯುತ್ತ ಅದನ್ನು ಮನೆಗೆ ತಂದಳು. ಮರಿ ಅವಳ ಹಾಲನ್ನು ಮೂಸಿ ಮುಖ ತಿರುಗಿಸಿತು. ಇದೊಂದು ಹಟಮಾರಿ ಬಂತು ಎಂದು ಸಾಕವ್ವ ಹಣೆ ಹಣೆ ಚಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಕೆಂಚಿ ಎಂಬ ಬೆಕ್ಕು ಏದುಸಿರು ಬಿಡುತ್ತ ಬಂದಳು.

"ಸಾಕಕ್ಕಾ, ಆ ಕೆಂಪು ಮರಿ ನಂದು. ನಮ್ಮ ಬಿದಿರು ಮೆಳೆಗೆ ಹಾವು ಬಂದಿತ್ತು. ನಾಲ್ಕು ಮರಿಗಳನ್ನ ಒಂದೊಂದಾಗಿ ಬಂಡೆಯ ಸಂದಿಗೆ ಸಾಗಿಸ್ತಿದ್ದೆ. ಮೆಳೆಯಲ್ಲೇ ಉಳಿದಿದ್ದ ಕೊನೆಯದು ಕೂಗಿಕೊಂಡಿತು ಅಂತ ಇದನ್ನ ಪೊದೆ ಕೆಳಗೆ ಇಳಿಸಿ ಓಡಿದೆ, ಅಷ್ಟೇ."

"ಎಲ್ಲ ತಾಯಂದಿರೂ ಹೀಗೇ ಹೇಳ್ತಾರೆ," ಎಂದಳು ಸಾಕವ್ವ, ಮರದ ಮೇಲಿದ್ದ ಕರಿಯಣ್ಣನಿಗೂ ಕೇಳುವಂತೆ. "ಬಿಟ್ಟು ಹೋಗೋವಾಗ ಇಲ್ಲದ ಕರುಳು ಈಗ ಎಲ್ಲಿಂದ ಬಂತು?"

ಕೆಂಚಿ ಇನ್ನೇನೋ ಹೇಳಲು ಬಾಯಿ ತೆರೆದಳು. ಸಾಕವ್ವ ಬಿಟ್ಟರೆ ತಾನೆ. ಹದಿನೇಳು ಮರಿಗಳ ಕಷ್ಟವನ್ನೆಲ್ಲ ಅವಳೊಬ್ಬಳ ತಲೆಗೇ ಕಟ್ಟಿ, ಅರ್ಧ ಗಂಟೆ ಉಪದೇಶ ಮಾಡಿದಳು. ಕೆಂಚಿ ಹೋಗಿ ಉಳಿದ ಮೂರು ಮರಿಗಳಿಗೆ ಹಾಲುಣಿಸಿ, ಮತ್ತೆ ಬಂದು ಬಾಗಿಲಲ್ಲಿ ಕೂತಳು. ಸಂಜೆಯವರೆಗೆ ಹೀಗೆ ನಾಲ್ಕು ಸಲ ಹೋಗಿ ಬಂದಳು. ಏನು ನಾಟಕ ಆಡ್ತಾಳಪ್ಪಾ ಎಂದುಕೊಂಡಳು ಸಾಕವ್ವ. ಒಳಗೆ ಮರಿಯ ಕೂಗು ಸಣ್ಣದಾಗುತ್ತಿತ್ತು.

ಮರುದಿನ ಬೆಳಗ್ಗೆಯೂ ಕೆಂಚಿ ಬಾಗಿಲಲ್ಲೇ ಇದ್ದಳು. ಸಾಕವ್ವ ಅವಳತ್ತ ನೋಡದೆ ಮೇಯಲು ಹೊರಟಳು. ಎಂದಿನಂತೆ ತುಂಗಿಗೆ ಹಾಲೂಡಿಸಿ, ಪೊಟರೆಯ ಎದುರಿನ ಪೊದೆಯ ನೆರಳಲ್ಲಿ ಮರೆಮಾಡಿ ಮಲಗಿಸಿ, ಗುಡ್ಡದ ಆಚೆಗೆ ಹೋಗಿ ಬಂದಳು. ನೋಡಿದರೆ ಪೊದೆಯ ಕೆಳಗೆ ತುಂಗಿ ಇಲ್ಲ. ನರಿಯೋ, ತೋಳವೋ ಎಂದು ಸಾಕವ್ವ ಅಳುತ್ತ ಕೆರೆಯ ಸುತ್ತ ಓಡಿದಳು. ಆಚೆ ದಡದ ಆಲದ ಮರದಿಂದ ತುಂಗಿಯ ದನಿ ಕೇಳಿಸಿತು.

ಎತ್ತರದ ಕವಲಿನಲ್ಲಿ ತುಂಗಿ ಕೂತಿದ್ದಳು. ಪಕ್ಕದಲ್ಲಿ ಕರಿಯಣ್ಣ, ಮುಖ ಗಂಟಿಕ್ಕಿಕೊಂಡು.

"ನಾನೂ ಒಂದು ಮರಿಮನೆ ತೆಗೆದೆ, ಸಾಕಕ್ಕಾ," ಎಂದ.

"ಒಳ್ಳೇದಾಯ್ತು. ನನ್ನ ಮಗಳನ್ನ ಇಳಿಸು. ನಾನು ಮೇಯೋಕೆ ಹೋಗಿದ್ದೆ ಕಣೋ."

"ಎಲ್ಲ ತಾಯಂದಿರೂ ಹೀಗೇ ಹೇಳ್ತಾರೆ. ಬಿಟ್ಟು ಹೋಗೋವಾಗ ಇಲ್ಲದ ಕರುಳು ಈಗ ಎಲ್ಲಿಂದ ಬಂತು?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಕಲಿತ ಪಾಠವನ್ನು ಭಕ್ತಿಯಿಂದ ಒಪ್ಪಿಸುತ್ತಿದ್ದ. ನಾನು ಯಾರು ಅಂತ ನಿನಗೆ ಗೊತ್ತಿಲ್ಲವೇ ಎಂದು ಸಾಕವ್ವ ಗೋಗರೆದಳು. ಗೊತ್ತಿರುವುದರಿಂದಲೇ ಬೇಜಾರು ಎಂದ ಕರಿಯಣ್ಣ. ನಿನ್ನಂಥವಳೇ ಮರಿ ಬಿಟ್ಟು ಹೋಗುವುದೇ ಎಂದು ತಲೆ ಅಲ್ಲಾಡಿಸಿದ. ಆಲದ ಹಣ್ಣು ಕೊಟ್ಟರೆ ತಿನ್ನುತ್ತಿಲ್ಲ, ಬರೀ ಹಟ ಎಂದು ದೂರನ್ನೂ ಹೇಳಿದ.

ಮೇಲೆ ತುಂಗಿ ಅರಚುತ್ತಿದ್ದಳು. ಕೆಳಗೆ ಸಾಕವ್ವನ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಮೇಕೆಗೆ ಮರ ಹತ್ತಲು ಬರುತ್ತದೆಯೇ? ನಿನ್ನೆ ನಾಲ್ಕು ಸಲ ಹೋಗಿ ಬಂದ ಕೆಂಚಿ ಆಗ ಅವಳ ಕಣ್ಣ ಮುಂದೆ ಬಂದಳು. ಮಗಳನ್ನು ಅಲ್ಲೇ ಬಿಟ್ಟು ಸಾಕವ್ವ ಮರಿಮನೆಗೆ ಓಡಿದಳು. ಕೆಂಪು ಮರಿಯನ್ನು ತಂದು ಕೆಂಚಿಯ ಮುಂದೆ ಇಳಿಸಿದಳು.

"ತಪ್ಪಾಯ್ತು ಕೆಂಚಿ. ನೀನು ಹೇಳ್ತಾನೇ ಇದ್ದೆ, ನಾನು ಕೇಳಲೇ ಇಲ್ಲ."

ಮರಿ ತಡವರಿಸಿಕೊಂಡು ತಾಯಿಯ ಮೊಲೆಗೆ ಬಾಯಿ ಹಾಕಿತು. ಸಾಕವ್ವ ತುಂಗಿಯ ವಿಷಯ ಹೇಳಿ, ನಿನಗೆ ಮರ ಹತ್ತಲು ಬರುತ್ತದೆ, ಬಂದು ಒಂದು ಮಾತು ಹೇಳು ಎಂದು ಬೇಡಿಕೊಂಡಳು.

"ಬರ್ತೀನಿ ಅಕ್ಕ. ಇದು ಕುಡಿದು ಮುಗಿಸಲಿ," ಎಂದಳು ಕೆಂಚಿ.

ಮರಿ ಬಲು ನಿಧಾನವಾಗಿ ಕುಡಿಯಿತು. ಸಾಕವ್ವ ಜನ್ಮದಲ್ಲಿ ಮೊದಲ ಸಲ ಒಂದು ಮಾತೂ ಆಡದೆ ನಿಂತಿದ್ದಳು.

ಆಮೇಲೆ ಕೆಂಚಿ ಆಲದ ಮರ ಹತ್ತಿ, ನಿನ್ನೆಯಿಂದ ತಾನು ಇವಳ ಬಾಗಿಲಲ್ಲೇ ಕೂತಿದ್ದೆನೆಂದೂ, ಇವಳು ಮಗಳಿಗೆ ಹಾಲೂಡಿಸಿ, ಮುಚ್ಚಿಟ್ಟು ಹೋದದ್ದನ್ನು ಕಣ್ಣಾರೆ ಕಂಡೆನೆಂದೂ ಹೇಳಿದಳು. ಕರಿಯಣ್ಣ ತುಂಗಿಯನ್ನು ಇಳಿಸಿಕೊಟ್ಟ.

"ಕೇಳ್ತಾ ಕೂರಬೇಡ ಅಂತ ನೀನೇ ಹೇಳಿದ್ದಲ್ವಾ ಅಕ್ಕಾ," ಎಂದು ಗೊಣಗಿದ.

"ಹೇಳಿದ್ದೆ ಕಣಪ್ಪ. ನನ್ನ ಬುದ್ಧಿಗಿಷ್ಟು," ಎಂದಳು ಸಾಕವ್ವ.

ಊರಿನವರು ಈಗಲೂ ಚೀಲ ತರುತ್ತಾರೆ, ಸಾಕವ್ವ ಈಗಲೂ ಬೈಯುತ್ತಾಳೆ. ಆದರೆ ಪೊದೆಯ ಕೆಳಗೆ ಒಂಟಿ ಮರಿ ಕಂಡರೆ ಎತ್ತುವುದಿಲ್ಲ. ದೂರದಲ್ಲಿ ಕೂತು, ಇದರ ತಾಯಿ ಎಲ್ಲಿ ಸತ್ತಳೋ ಎಂದು ಗೊಣಗುತ್ತ, ಮಧ್ಯಾಹ್ನದವರೆಗೂ ಕಾಯುತ್ತಾಳೆ.

ನೀತಿ: ಉಪಕಾರ ಮಾಡುವ ಆತುರದಲ್ಲಿ ಎದುರಿನವರ ಮಾತಿಗೆ ಕಿವಿಗೊಡದಿದ್ದರೆ, ಆ ಉಪಕಾರವೇ ಅವರಿಗೆ ಅಪಕಾರವಾಗುತ್ತದೆ.