ಅಜ್ಜನ ಹೂಂ

ನಮ್ಮ ಆಶ್ರಮದ ಗುರು ಸಂಗಯ್ಯಜ್ಜನ 'ಹೂಂ' ಎಂಥದೆಂದು ಹೇಳಲು ಈ ಹೊಳೆದಂಡೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಗುರುಗಳು ಒಮ್ಮೆ 'ಹೂಂ' ಅಂದರೆ ಆಚೆ ದಡದ ಮೊಸಳೆಯೂ ಬಾಯಿ ಮುಚ್ಚಿ ಕಥೆ ಕೇಳಲು ಕೂರುತ್ತಿತ್ತು. ಸುಳ್ಳು ಅನ್ನುವವರು ಹೋಗಿ ಮೊಸಳೆಯನ್ನೇ ಕೇಳಿ.

ಆಶ್ರಮದಲ್ಲೊಂದು ಪದ್ಧತಿ. ಸಂಜೆ ಶಿಷ್ಯರಲ್ಲೊಬ್ಬರು ಪುರಾಣ ಓದಬೇಕು. ಕಣ್ಣು ಮಂಜಾದ ಅಜ್ಜ ಸಾಲುಸಾಲಿಗೂ 'ಹೂಂ' ಅನ್ನಬೇಕು. ಹೂಂ ಅಂದರೆ ಆ ಮಾತನ್ನು ಒಳಗೆ ಬಿಟ್ಟುಕೊಂಡಂತೆ.

ಶಿಷ್ಯರಲ್ಲಿ ಹದಿನಾರರ ಮೇದಿನಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ಶಾಲೆಯ ತರಗತಿಯವರು ಅವಳ ಫೋಟೋ ವಿಕಾರ ಮಾಡಿ ಮೊಬೈಲ್ ಗುಂಪಿಗೆ ಹಾಕಿ, ಕೆಳಗೆ ಬಾಯಿಗೆ ಬಂದದ್ದು ಬರೆದು ನಕ್ಕರು. ಅಂದಿನಿಂದ ಅವಳ ಕಣ್ಣು ಮೊಬೈಲಿನಿಂದ ಮೇಲೇಳಲಿಲ್ಲ. ಪುರಾಣ ಬಿಟ್ಟಳು, ಊಟ ಬಿಟ್ಟಳು.

ಒಂದು ಬೆಳಿಗ್ಗೆ ಅಂಬಿಗ ಅವಳನ್ನು ಎದೆಮಟ್ಟದ ನೀರಿನಿಂದ ಕೈಹಿಡಿದು ಕರೆತಂದ.

ಅಜ್ಜ ಬೈಯಲಿಲ್ಲ. ಕಂಬಳಿ ಹೊದಿಸಿದರು.

"ಸಂಜೆ ಓದುವ ಸರದಿ ನಿನ್ನದು."

"ಪುರಾಣ ಬೇಡ ಅಜ್ಜಾ. ಮನಸ್ಸಿಲ್ಲ."

"ಪುರಾಣ ಯಾರು ಕೇಳಿದರು? ದಿನವೆಲ್ಲ ಓದುತ್ತೀಯಲ್ಲ, ಅದನ್ನೇ ಓದು."

"ಅದು ಕೊಳಕು."

"ನನ್ನ ಕಿವಿಯೇನು ಮಡಿಯುಟ್ಟಿದೆಯೇ?"

ಸಂಜೆ ಮೇದಿನಿ ಮೊಬೈಲ್ ತೆರೆದಳು.

"'ಏ ಹಂದಿಮುಖ.'"

"ಹೂಂ," ಎಂದರು ಅಜ್ಜ, ತಮ್ಮ ಕೆನ್ನೆ ಸವರಿಕೊಂಡು.

"'ನಿನ್ನ ಕಂಡರೆ ವಾಂತಿ ಬರುತ್ತೆ.'"

"ಹೂಂ."

ಅಜ್ಜನ ಬೆನ್ನು ಬಾಗಿತು.

"'ನಿನ್ನ ಹೆತ್ತವಳಾದರೂ ನಿನ್ನ ಮುಖ ಹೇಗೆ ನೋಡ್ತಾಳೆ?'"

"ಹೂಂ."

ಆಚೆ ದಡದ ಮೊಸಳೆಗೆ ಕೇಳಿಸುತ್ತಿದ್ದ ಹೂಂ, ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಲಿಲ್ಲ.

ಮುಂದಿನ ಸಾಲಿಗೆ ಬಂದವಳು ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದಳು.

"ಓದು."

"ಆಗಲ್ಲ ಅಜ್ಜಾ."

"ನಿತ್ಯ ಓದುವುದೇ ತಾನೇ?"

"ಇದರಲ್ಲಿ... ಸತ್ತುಹೋಗು ಅಂತಿದೆ."

ಅಜ್ಜ ಉಸಿರೆಳೆದುಕೊಂಡು ಬಾಯಿ ತೆರೆದರು.

"ಬೇಡ! ಇದಕ್ಕೆ ಹೂಂ ಅನ್ನಬೇಡಿ!" ಗುರುವನ್ನು ಮುಟ್ಟಬಾರದೆಂಬುದನ್ನೂ ಮರೆತು ಮೇದಿನಿ ಅವರ ಬಾಯಿಗೆ ಕೈ ಅಡ್ಡ ಹಿಡಿದಳು. ಮೊಬೈಲ್ ಎಲ್ಲಿ ಬಿತ್ತೋ ನೋಡಲಿಲ್ಲ.

ಅಜ್ಜ ಆ ಕೈಯನ್ನು ಮೆಲ್ಲಗೆ ತೆಗೆದು, ಅವಳದೇ ಬಾಯಿಯ ಮೇಲಿಟ್ಟರು.

"ಬೆಳಿಗ್ಗೆ ಹೊಳೆಯಲ್ಲಿ ನೀನು ಇದಕ್ಕೇ ಹೂಂ ಅಂದಾಗ ಈ ಕೈ ಎಲ್ಲಿತ್ತು, ಮಗಳೇ?"