ಬೊಮ್ಮವ್ವನ ಮಡಕೆ, ಅರಸನ ಕಾನೂನು

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ, ಹಿಂದೆ ಕೂತೋರಿಗೂ ಕೇಳಿಸಬೇಕು.

ಹೊನ್ನಗುಡ್ಡ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಬೊಮ್ಮವ್ವ ಅನ್ನೋಳು ಇದ್ದಳು. ಕಂಬಳಿ ನೇಯೋದು ಅವಳ ಕಸುಬು. ಗಂಡ ಕರಿಯಣ್ಣ ಕುರಿ ಕಾಯೋನು. ಅತ್ತೆ ಮಾರಕ್ಕನ ಬಾಯಲ್ಲಿ ಹಲ್ಲು ಅನ್ನೋದೇ ಇರಲಿಲ್ಲ.

ಬೊಮ್ಮವ್ವನಿಗೆ ಒಲೆ ಮುಂದೆ ಕೂರೋಕೆ ಪುರುಸೊತ್ತಿಲ್ಲ. ಹಾಗಂತ ಮನೆಯವರನ್ನ ಉಪವಾಸ ಕೆಡವೋಕಾಗುತ್ತಾ? ಬೆಳಿಗ್ಗೆ ಎದ್ದು ಮಡಕೆಗೆ ಹುರುಳಿಕಾಳು, ಬದನೆಕಾಯಿ, ಈರುಳ್ಳಿ, ನೀರು ಹಾಕೋಳು. ಹಿತ್ತಲ ಗುಂಡಿಯಲ್ಲಿ ಕೆಂಡ ಹರಡಿ, ಮೇಲೆ ಮಡಕೆ ಇಟ್ಟು, ಸುತ್ತ ಬೂದಿ ಮುಚ್ಚೋಳು. ಆಮೇಲೆ ಮಗ್ಗಕ್ಕೆ ಕೂತರೆ ಆಯ್ತು, ಆ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಮಡಕೆ ತನ್ನ ಪಾಡಿಗೆ ತಾನು ಬೇಯೋದು. ಬಿಸಿಲು ಇಳಿಯೋ ಹೊತ್ತಿಗೆ ಕಾಳು ಬೆಣ್ಣೆ ಥರ ಆಗಿರೋದು. ಬೀದಿಯೆಲ್ಲಾ ಘಮ್ಮನ್ನೋದು.

ಆಗ ಸೌಟಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿ, ಬೇಕಾದಷ್ಟು ಉಪ್ಪು ಹಾಕೋಳು. ಮೊದಲು ಅತ್ತೆ ಪಾಲು ತೆಗೆದು, ಮೆತ್ತಗೆ ಕಿವುಚಿ, ತುಪ್ಪ ಹಾಕೋಳು. ಗಂಡನ ಪಾಲಿಗೆ ಹಸಿಮೆಣಸಿನಕಾಯಿ ಜಜ್ಜಿ ಹಾಕೋಳು. ಉಳಿದದ್ದಕ್ಕೆ ಹುಣಸೆಹುಳಿ ಹಿಂಡಿ ತಾನು ಉಣ್ಣೋಳು. ಮಡಕೆ ಒಂದೇ, ರುಚಿ ಮಾತ್ರ ಮೂರು.

ಒಂದು ದಿನ ದೊರೆ ಇಮ್ಮಡಿರಾಯ ಬೇಟೆಗೆ ಬಂದು, ದಾರಿ ತಪ್ಪಿ, ಹಸಿದು ಬೊಮ್ಮವ್ವನ ಬಾಗಿಲಿಗೆ ಬಂದ.

"ಖಾರ ಎಷ್ಟಿರಲಿ ದೊರೆ? ಹುಳಿ ಬೇಕಾ, ಬೇಡವಾ?" ಅಂತ ಕೇಳಿದಳು ಬೊಮ್ಮವ್ವ.

ದೊರೆಗೆ ಆಶ್ಚರ್ಯ. ಹುಟ್ಟಿದಾಗಿಂದ ಅವನನ್ನ ಯಾರೂ ಹೀಗೆ ಕೇಳಿರಲಿಲ್ಲ. ತಟ್ಟೆ ಬಳಿದು ಬಳಿದು ಉಂಡ. ಅರಮನೆಗೆ ಹೋದವನೇ ಅಡುಗೆಮನೆ ಅಧಿಕಾರಿ ದುಗ್ಗಪ್ಪನನ್ನ ಕರೆಸಿದ. "ಕಂಬಳಿ ನೇಯೋ ಹೆಂಗಸು ಮಾಡಿದ ಊಟದ ಮುಂದೆ ನಿನ್ನದು ಏನೂ ಅಲ್ಲ ಕಣೋ" ಅಂದುಬಿಟ್ಟ.

ದುಗ್ಗಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಸಮಯ ಕಾದು ದೊರೆ ಕಿವಿ ಊದಿದ. "ಪ್ರಭು, ಮನೆಗೊಂದು ರುಚಿ ಆದರೆ ರಾಜ್ಯ ಒಡೆಯುತ್ತೆ. ಇವತ್ತು ಉಪ್ಪು ನಮ್ಮಿಷ್ಟ ಅಂತಾರೆ. ನಾಳೆ ಅರಸನೂ ನಮ್ಮಿಷ್ಟ ಅಂತಾರೆ."

ದೊರೆ ಹೆದರಿದ. ಊರೂರಲ್ಲಿ ಡಂಗುರ ಹೊಡೆಸಿದ. ಇನ್ಮೇಲೆ ಎಲ್ಲರೂ ದುಗ್ಗಪ್ಪನ ಅಳತೆಯಲ್ಲೇ ಅಡುಗೆ ಮಾಡಬೇಕು. ಉರಿ ಜೋರಾಗಿರಬೇಕು, ಕೆಂಡದಲ್ಲಿ ಮಡಕೆ ಹೂಳೋ ಹಾಗಿಲ್ಲ. ಯಾರೂ ರುಚಿ ನೋಡಬಾರದು. ಉಪ್ಪು, ಖಾರ ಕಡಿಮೆ ಮಾಡಬಾರದು, ಹೆಚ್ಚೂ ಮಾಡಬಾರದು.

ಮಾರಕ್ಕ ಆ ಅಡುಗೆ ಒಂದು ತುತ್ತು ಬಾಯಿಗಿಟ್ಟಳು. ಕಾಳು ಕಲ್ಲಿನ ಹಾಗೆ, ಖಾರ ಬೆಂಕಿಯ ಹಾಗೆ. ಕಣ್ಣಲ್ಲಿ ನೀರು ಬಂತು. "ಹಸಿವಿಲ್ಲ ಬಿಡವ್ವ" ಅಂತ ತಟ್ಟೆ ಸರಿಸಿದಳು. ಮಾರನೇ ದಿನವೂ ಅದೇ ಮಾತು. ಬರಬರುತ್ತಾ ಮುದುಕಿಗೆ ಎದ್ದು ಕೂರೋಕೂ ಆಗಲಿಲ್ಲ.

ಬೊಮ್ಮವ್ವ ಎದ್ದಳು, ಹಿತ್ತಲಿಗೆ ಹೋದಳು, ಗುಂಡಿಗೆ ಕೆಂಡ ಹಾಕಿದಳು.

ಘಮ ಹಿಡಿದು ಮೊದಲ ಸಲ ಬಂದ ಅರಸನ ಕಾವಲುಗಾರರು ಸೌಟು ಕಿತ್ತುಕೊಂಡರು. "ತೊಗೊಂಡು ಹೋಗಿ" ಅಂದಳು. ತೆಂಗಿನ ಕರಟಕ್ಕೆ ಕಡ್ಡಿ ಸಿಕ್ಕಿಸಿ ಬೇರೆ ಸೌಟು ಮಾಡಿಕೊಂಡಳು.

ಎರಡನೇ ಸಲ ಬಂದವರು ಕೆಂಡದ ಮೇಲೆ ನೀರು ಸುರಿದರು. "ಸುರೀರಿ" ಅಂದಳು. ಪಕ್ಕದ ಮನೆಯಿಂದ ಕೆಂಡ ತಂದು ಮತ್ತೆ ಹರಡಿದಳು.

ಮೂರನೇ ಸಲ ದುಗ್ಗಪ್ಪನೇ ಬಂದ. ಕಾಲೆತ್ತಿ ಮಡಕೆಗೆ ಒದ್ದ. ಮಡಕೆ ಒಡೆದು ಅಡುಗೆಯೆಲ್ಲಾ ಮಣ್ಣುಪಾಲಾಯಿತು. ಬಾಗಿಲ ಹತ್ತಿರ ಚಾಪೆ ಮೇಲೆ ಮಲಗಿ ಕಾಯ್ತಿದ್ದ ಮುದುಕಿ ಖಾಲಿ ತಟ್ಟೆ ಕೆಳಗಿಟ್ಟಳು.

ಬೊಮ್ಮವ್ವ ಅವನ ಎದುರಿಗೆ ಹೋಗಿ ನಿಂತಳು. "ಕುಂಬಾರ ಇನ್ನೂ ಬದುಕಿದ್ದಾನೆ ದುಗ್ಗಪ್ಪ. ನಾಳೆ ಬೇರೆ ಮಡಕೆ ಇಡ್ತೀನಿ. ಅದನ್ನೂ ಒಡೀ, ನಾಡಿದ್ದು ಮತ್ತೊಂದು ಇಡ್ತೀನಿ. ನನ್ನತ್ತೆ ಬಾಯಿಗೆ ಏನು ಸೇರುತ್ತೆ ಅಂತ ಹೇಳೋಕೆ ನೀನ್ಯಾರು?"

ಕಾವಲುಗಾರರು ಅವಳ ಕೈ ಕಟ್ಟಿ ಅರಮನೆಗೆ ಎಳೆದುಕೊಂಡು ಹೋದರು. ಮರುದಿನ ಸಭೆ ಸೇರಿತು. ಊರಿನ ಹೆಂಗಸರೆಲ್ಲಾ ಬಂದರು. ಕರಿಯಣ್ಣ ತಾಯಿಯನ್ನ ಬೆನ್ನ ಮೇಲೆ ಹೊತ್ತು ತಂದ.

"ತಪ್ಪಾಯ್ತು ಅನ್ನು, ಬಿಟ್ಟುಬಿಡ್ತೀನಿ" ಅಂದ ದೊರೆ.

"ಅನ್ನಲ್ಲ" ಅಂದಳು ಬೊಮ್ಮವ್ವ. "ಕಾನೂನು ಅಷ್ಟು ಚೆನ್ನಾಗಿದ್ದರೆ ದುಗ್ಗಪ್ಪನೇ ಇಲ್ಲಿ ಅಡುಗೆ ಮಾಡಲಿ. ಅಳತೆ ಅವನದೇ. ಉಪ್ಪು, ಹುಳಿ, ಖಾರ ಮಾತ್ರ ನಮ್ಮ ಮನೆಗಳದ್ದು. ರುಚಿ ನೋಡೋ ಹಾಗಿಲ್ಲ. ಉಣ್ಣೋರು ನೀವು. ನಿಮಗೆ ಅದು ಸೇರಿದರೆ ನಾನು ಬದುಕಿರೋವರೆಗೂ ಸೌಟು ಮುಟ್ಟಲ್ಲ."

ದುಗ್ಗಪ್ಪ ನಕ್ಕ. ಸಭೆಯ ನಡುವೆ ಒಲೆ ಹೂಡಿದ. ಹೆಂಗಸರಲ್ಲಿ ಒಬ್ಬಳು ಸೆರಗಿನ ಗಂಟು ಬಿಚ್ಚಿ ಹುಣಸೆಹಣ್ಣು ಕೊಟ್ಟಳು, ಒಬ್ಬಳು ಉಪ್ಪು, ಇನ್ನೊಬ್ಬಳು ಖಾರದ ಪುಡಿ. ಅಳೆದು ಅಳೆದು ಹಾಕಿದ. ಸಾರು ಕುದಿ ಬಂತು.

ಆಗ ಶುರುವಾಯ್ತು ನೋಡಿ ಅವನ ಪೇಚಾಟ. ಇದು ಯಾವ ಮರದ ಹುಣಸೆಯೋ? ಯಾವ ಹೊಲದ ಮೆಣಸಿನಕಾಯಿಯೋ? ದೊರೆ ಬಾಯಿ ಸುಟ್ಟರೆ ಗತಿ ಏನು? ಸೌಟು ಎತ್ತಿದ, ದೊರೆ ಮುಖ ನೋಡಿ ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಮೂರನೇ ಸಲ ಮುಖ ಒರೆಸಿಕೊಳ್ಳೋನ ಹಾಗೆ ಕಂಬದ ಕಡೆ ತಿರುಗಿ, ಸೊರ್ರನೆ ಒಂದು ಗುಟುಕು ಹೀರಿಬಿಟ್ಟ!

ಈ ಕಡೆ ತಿರುಗಿದರೆ ಮೀಸೆಯಿಂದ ಕೆಂಪು ಸಾರು ತೊಟ್ಟಿಕ್ತಾ ಇದೆ.

"ನೋಡಿದ! ರುಚಿ ನೋಡಿದ!" ಅಂತ ಹೆಂಗಸರು ಕೂಗಿದರು.

"ಏನೋ ಅದು ಮೀಸೆ ಮೇಲೆ?" ಅಂದ ದೊರೆ.

"ಬೆ... ಬೆವರು ಪ್ರಭು."

"ನಿನ್ನ ಬೆವರಿಗೆ ಒಗ್ಗರಣೆ ಯಾರು ಹಾಕಿದ್ರು?"

ಸಭೆಯೆಲ್ಲಾ ಗೊಳ್ಳೆಂದಿತು. ದುಗ್ಗಪ್ಪ ಕಾಲಿಗೆ ಬಿದ್ದ. "ವಿಪರೀತ ಹುಳಿ ಆಗಿತ್ತು ಪ್ರಭು. ಹಾಗೇ ಬಡಿಸೋಕೆ ಧೈರ್ಯ ಬರಲಿಲ್ಲ."

ಬೊಮ್ಮವ್ವ ನಗಲಿಲ್ಲ. ಕಟ್ಟಿದ ಕೈಯಿಂದಲೇ ಅತ್ತೆಯನ್ನ ತೋರಿಸಿದಳು. "ನಿಮ್ಮ ಒಂದು ಹೊತ್ತಿನ ಊಟ ಕೆಡಬಾರದು ಅಂತ ಇವನು ಕಾನೂನು ಮುರಿದ. ಇವಳ ಜೀವ ಉಳಿಸೋಕೆ ನಾನು ಮುರಿಯಬಾರದಿತ್ತಾ? ಹೇಳಿ ದೊರೆ!"

ದೊರೆ ಮುದುಕಿಯ ಒಣಗಿದ ಮುಖ ನೋಡಿದ. ತಲೆ ತಗ್ಗಿಸಿದ. ಸಿಂಹಾಸನದಿಂದ ಇಳಿದು ಬಂದು ತಾನೇ ಬೊಮ್ಮವ್ವನ ಕೈ ಬಿಚ್ಚಿದ. ಅಲ್ಲೇ ಕಾನೂನು ರದ್ದಾಯಿತು. ದುಗ್ಗಪ್ಪನ ಅಧಿಕಾರ ಹೋಯಿತು, ದಾರಿಹೋಕರ ಛತ್ರದಲ್ಲಿ ಪಾತ್ರೆ ತೊಳೆಯೋ ಕೆಲಸ ಸಿಕ್ಕಿತು.

"ಅರಮನೆ ಅಡುಗೆಮನೆ ಇನ್ಮೇಲೆ ನಿನ್ನದು" ಅಂದ ದೊರೆ.

"ನಂಗೆ ನನ್ನ ಮನೆಯದೇ ಸಾಕು" ಅಂದಳು ಬೊಮ್ಮವ್ವ. ತಿರುಗಿ ನೋಡದೆ ಹೊರಟಳು. ಹೊಸ ಮಡಕೆ ತಂದಳು, ಕೆಂಡ ಹರಡಿದಳು. ಬಿಸಿಲು ಇಳಿಯೋ ಹೊತ್ತಿಗೆ ಅತ್ತೆ ಮುಂದೆ ಮೆತ್ತನೆಯ ಬಟ್ಟಲು ಇಟ್ಟಳು.

ಮಾರಕ್ಕ ನಿಧಾನವಾಗಿ ಬಟ್ಟಲು ಖಾಲಿ ಮಾಡಿದಳು. ಬಾಯಿ ಚಪ್ಪರಿಸಿದಳು. ಆಮೇಲೆ ಸೊಸೆ ಮುಖ ನೋಡಿ, "ಉಪ್ಪು ಒಂಚೂರು ಕಡಿಮೆ ಕಣೇ" ಅಂದಳು.

"ನಾಳೆ ಹಾಕೋಣಂತೆ ಬಿಡು" ಅಂತ ಬೊಮ್ಮವ್ವ ಅವತ್ತು ಮೊದಲನೇ ಸಲ ನಕ್ಕಳು.

ಇದರಿಂದ ತಿಳ್ಕೊಳ್ಳಬೇಕಾದ್ದು ಇಷ್ಟು ಮಕ್ಕಳೇ. ತನಗೊಂದು, ಊರಿಗೊಂದು ಅನ್ನೋ ಕಾನೂನಿಗೆ ತಲೆ ಬಾಗಿಸಬೇಡಿ. ಅನ್ನ ಮಾಡೋ ಕೈಗೆ ಉಣ್ಣೋರ ಬಾಯಿ ಗೊತ್ತಿರಬೇಕು. ಅದು ಗೊತ್ತಿದ್ದ ಕೈಯನ್ನ ಯಾವ ಅರಸನೂ ತಡೆಯಬಾರದು. ತಡೆದರೆ, ನೀವೂ ಎದ್ದು ನಿಂತು ಕೇಳಿ.